ಬಣ್ಣ ಬಾರದ ಹನಿ

ಬ್ಯೂರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯಿಂದ ದ್ರಾವಣ ಹನಿಹನಿಯಾಗಿ ಬೀಳುತ್ತಿರುತ್ತದೆ. ಕೆಳಗಿನ ಪಾತ್ರೆಯಲ್ಲಿರುವುದು ನೀರಿನಷ್ಟೇ ತಿಳಿ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಂದು ಹನಿ, ಹಿಂದಿನ ಹನಿಗಳಿಗಿಂತ ಯಾವ ವಿಧದಲ್ಲೂ ಬೇರೆಯಲ್ಲದ ಹನಿ, ಬಿದ್ದೊಡನೆ ಪಾತ್ರೆಯೆಲ್ಲ ನಸುಗೆಂಪಾಗುತ್ತದೆ. ಅಲ್ಲಿಗೆ ಕೈ ನಿಲ್ಲಿಸಿ, ಕೊಳವೆಯ ಗೆರೆ ನೋಡಿ, ಅಂಕಿಯನ್ನು ಬರೆದುಕೊಳ್ಳಬೇಕು. ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಮೂವತ್ತಮೂರು ವರ್ಷ ನಾನು ಕಲಿಸಿದ್ದು ಮುಖ್ಯವಾಗಿ ಇದನ್ನು, ಬಣ್ಣ ಬರುವ ತನಕ ಕಾಯುವುದನ್ನು. ಹಾಗೆಂದು ನಾನು ತಿಳಿದಿದ್ದೆ.

ನಮ್ಮಲ್ಲಿ ರಸಾಯನಶಾಸ್ತ್ರ ಓದಿದವರು ಕೆಲಸವಿಲ್ಲದೆ ಕೂರುವುದಿಲ್ಲವೆಂದು ಊರಿನಲ್ಲಿ ಮಾತಿತ್ತು. ಸಕ್ಕರೆ ಕಾರ್ಖಾನೆಗೆ, ಔಷಧದ ಕಂಪನಿಗೆ, ಸರ್ಕಾರದ ಪ್ರಯೋಗಾಲಯಗಳಿಗೆ ನಮ್ಮ ಮಕ್ಕಳೇ ಹೋಗುತ್ತಿದ್ದರು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅವರಿಗೆ ಬೀಳುತ್ತಿದ್ದ ತುಂಬು ಅಂಕವೇ ಅದಕ್ಕೆ ಕಾರಣ. ಆ ಅಂಕದ ಗುಟ್ಟು ಮಾತ್ರ ಪ್ರಯೋಗಶಾಲೆಯ ಹೊಸ್ತಿಲು ದಾಟಿರಲಿಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ನಾನೇ ಅಳೆದು ಸರಿಯುತ್ತರವನ್ನು ತೆಗೆದಿಡುತ್ತಿದ್ದೆ. ಅಟೆಂಡರ್ ದಾಸಪ್ಪ ನೀರು ಕೊಡುವ ನೆಪದಲ್ಲಿ ಮೇಜಿನಿಂದ ಮೇಜಿಗೆ ಹೋಗಿ ಆ ಅಂಕಿಯನ್ನು ಪಿಸುಗುಟ್ಟುತ್ತಿದ್ದ. ಮಕ್ಕಳು ಉತ್ತರವನ್ನು ಮೊದಲು ಬರೆದುಕೊಂಡು, ಅದಕ್ಕೆ ಒಪ್ಪುವಂತೆ ಮೂರು ಸಲದ ಅಳತೆಗಳನ್ನು ಹಿಂದಿನಿಂದ ತುಂಬುತ್ತಿದ್ದರು. ಇದನ್ನು ನಾವು ಮೋಸವೆಂದು ಕರೆಯಲಿಲ್ಲ. ಬಡವರ ಮಕ್ಕಳು, ಒಂದು ದಿನದ ಕೈನಡುಕಕ್ಕೆ ಬದುಕು ಕೆಡಬಾರದು ಎಂದುಕೊಂಡಿದ್ದೆವು.

ಬಳೆ ಮಾರುವವರ ಮನೆಯ ಹುಡುಗಿ ಚನ್ನಾಜಿ ಓದುತ್ತಿದ್ದ ವರ್ಷ, ಪರೀಕ್ಷೆಯಲ್ಲಿ ಎಲ್ಲರ ಹಾಳೆಯಲ್ಲೂ ಹತ್ತೊಂಬತ್ತು ಪಾಯಿಂಟ್ ಆರು ಎಂದಿತ್ತು. ಅವಳ ಹಾಳೆಯಲ್ಲಿ ಇಪ್ಪತ್ತಮೂರು ಪಾಯಿಂಟ್ ಎಂಟು. ಇದು ಹೇಗೆ ಬಂತೆಂದು ಕೇಳಿದೆ.

"ಮೂರು ಸಲಾನೂ ಅಷ್ಟೇ ಬಂತು ಸಾರ್. ನಂಗೆ ಕಂಡಿದ್ದು ಅದೇ."

ಹಿಂದಿನಿಂದ ದಾಸಪ್ಪ, "ಕೆಲವು ಬ್ಯೂರೆಟ್ಟಿಗೆ ಹಸಿವು ಜಾಸ್ತಿ ಸಾರ್, ಒಂದು ಗುಟುಕು ಹೆಚ್ಚಿಗೆ ಕುಡೀತವೆ" ಎಂದ. ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆ.

"ಕಂಡಿದ್ದನ್ನೆಲ್ಲ ಬರೆಯೋಕೆ ಇದೇನು ದಿನಚರಿಯೇನಮ್ಮ? ಎಷ್ಟು ಬರಬೇಕೋ ಅಷ್ಟು ಬರಿ. ನಾಳೆ ಕೆಲಸ ಬೇಡವಾ ನಿನಗೆ?"

ಅವಳು ತಲೆ ತಗ್ಗಿಸಿ ಹಳೆಯ ಅಂಕಿಯನ್ನು ಹೊಡೆದುಹಾಕಿದಳು. ಮೊದಲ ದರ್ಜೆ ಬಂತು. ಮುಂದೆ ಊರಿನ ನೀರು ಸರಬರಾಜು ಪ್ರಯೋಗಾಲಯದಲ್ಲಿ ಕೆಲಸವೂ ಆಯಿತು. ಪೇಡದ ಪೊಟ್ಟಣ ತಂದು ನನಗೂ ನನ್ನ ಹೆಂಡತಿ ಕನಕವಲ್ಲಿಗೂ ನಮಸ್ಕರಿಸಿ ಹೋದಳು. ಊರಿನ ನೀರು ನಮ್ಮ ಹುಡುಗಿಯ ಕೈಯಲ್ಲಿದೆಯೆಂದು ನಾನು ಕಂಡವರಿಗೆಲ್ಲ ಹೇಳಿಕೊಂಡೆ.

ನಾನು ನಿವೃತ್ತನಾದ ಮೇಲಿನ ಮಾತು. ಕನಕವಲ್ಲಿ ಒಂದು ದೊಡ್ಡ ಕಾಯಿಲೆಯಿಂದ ಎದ್ದಿದ್ದಳು. ಕಾಯಿಸಿ ಆರಿಸಿದ ನೀರನ್ನಲ್ಲದೆ ಬೇರೆಯದನ್ನು ಬಾಯಿಗೆ ಹಾಕಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅವಳು ಅದನ್ನು ವ್ರತದಂತೆ ನಡೆಸಿದಳು, ತೀರ್ಥದ ಹೊರತು. ಕಾಯಿಸಿದ ನೀರು ಅಭಿಷೇಕಕ್ಕೆ ಬಾರದೆಂಬುದು ನಮ್ಮ ಮನೆಯ ನಡೆ. ನಲ್ಲಿಯ ಮೊದಲ ನೀರನ್ನು ಮಡಿಯಲ್ಲಿ ಹಿಡಿದು, ಸಾಲಿಗ್ರಾಮಕ್ಕೆ ಎರೆದು, ಅಕಾಲಮರಣವನ್ನು ಕಳೆಯೆಂದು ಬೇಡುವ ಮಂತ್ರ ಹೇಳಿ ಉದ್ಧರಣೆಯ ಪುಟ್ಟ ಚಮಚದಿಂದ ಮೂರು ಸಲ ತೀರ್ಥವನ್ನು ಅವಳ ಅಂಗೈಗೆ ಹಾಕುತ್ತಿದ್ದೆ. ಒಂದು ದಿನ ಅವಳು ಕೇಳಿದಳು.

"ಏನೂಂದ್ರೆ, ಕಾಯಿಸಿ ಆರಿಸಿದ ನೀರು ಹಾಕಿದ್ರೆ ನಿಮ್ಮ ದೇವರಿಗೇನು ನೆಗಡಿ ಆಗತ್ತಾ?"

"ಚನ್ನಾಜಿ ಪರೀಕ್ಷೆ ಮಾಡಿದ ನೀರು ಕಣೆ. ಕುಡಿ."

ಕುಡಿದಳು. ಆ ನೀರಿನಲ್ಲಿ ಕ್ಲೋರಿನ್ನಿನ ವಾಸನೆ ಬಹಳ ದಿನದಿಂದ ಇರಲಿಲ್ಲ. ನನ್ನ ಮೂಗಿಗೆ ಅದು ಗೊತ್ತಿತ್ತು. ನಾನು ಮೂಗಿನ ಮಾತನ್ನು ಕೇಳಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಎಂಟು ಮನೆಗಳಿಗೆ ಕಾಮಾಲೆ ಬಂತು. ಏಳು ಮನೆಯವರು ಚೇತರಿಸಿಕೊಂಡರು. ಕನಕವಲ್ಲಿ ಹನ್ನೊಂದನೆಯ ದಿನ ಕಣ್ಣು ಮುಚ್ಚಿದಳು. ನಮಗೆ ಮಕ್ಕಳಿಲ್ಲ, ಕರ್ಮವನ್ನೆಲ್ಲ ನಾನೇ ಮಾಡಿದೆ. ಇದು ನೀರಿನಿಂದ ಬಂದದ್ದೆಂದು ಡಾಕ್ಟರು ಅಂದಾಗ ನನಗೆ ಸಿಟ್ಟು ಬಂದಿತ್ತು. ಹದಿಮೂರನೆಯ ದಿನ ಕಳೆದ ಮೇಲೆ, ಅವರ ಮಾತು ಸುಳ್ಳೆಂದು ತೋರಿಸಲಿಕ್ಕಾಗಿಯೇ ಚನ್ನಾಜಿಯ ಪ್ರಯೋಗಾಲಯಕ್ಕೆ ಹೋದೆ.

ಅವಳು ಸಂಭ್ರಮದಿಂದ ಎದ್ದು ಬಂದಳು. ನನ್ನ ತಲೆಯ ಮೇಲೆ ರುಮಾಲಿದ್ದುದರಿಂದ ಅವಳಿಗೆ ಏನೂ ತಿಳಿಯಲಿಲ್ಲ. ನೀರಿನ ರಿಜಿಸ್ಟರ್ ನೋಡಬೇಕೆಂದೆ. ತಾನೇ ತಂದು ಮುಂದಿಟ್ಟಳು. ಕ್ಲೋರಿನ್ನಿನ ಕಾಲಮ್ಮಿನಲ್ಲಿ ಸೊನ್ನೆ ಪಾಯಿಂಟ್ ನಾಲ್ಕು ಎಂದಿತ್ತು. ಹಿಂದಿನ ದಿನವೂ ಅಷ್ಟೇ. ಪುಟ ತಿರುವಿದೆ, ತಿಂಗಳು ತಿರುವಿದೆ, ಎರಡು ವರ್ಷ ತಿರುವಿದೆ. ಮಳೆಯಲ್ಲೂ ಬಿಸಿಲಲ್ಲೂ ಒಂದೇ ಅಂಕಿ, ಮುತ್ತಿನಂಥ ಅಕ್ಷರ. ಕಪಾಟಿನಲ್ಲಿ ಪರೀಕ್ಷೆಯ ದ್ರವದ ಸೀಸೆ ಬರಿದಾಗಿ, ಬಾಯಿಗೆ ಜೇಡ ಬಲೆ ಕಟ್ಟಿತ್ತು.

ದ್ರವ ಮುಗಿದು ಎರಡು ವರ್ಷವಾಯಿತು, ಮೂರು ಸಲ ಬರೆದು ಕೇಳಿದರೂ ಮೇಲಿನವರು ಕಳಿಸಲಿಲ್ಲ, ಸಂಜೆ ಐದಕ್ಕೆ ಅಂಕಿ ಬಂದರೆ ಅವರಿಗೆ ಸಾಕು ಎಂದು ಅವಳು ಹೇಳಿದಳು. ದನಿಯಲ್ಲಿ ಅಳುಕಿರಲಿಲ್ಲ.

"ನೀರು ಸರಿಯಿದ್ರೆ ಸೊನ್ನೆ ಪಾಯಿಂಟ್ ನಾಲ್ಕು ಬರಬೇಕಲ್ವಾ ಸಾರ್. ಎಷ್ಟು ಬರಬೇಕೋ ಅಷ್ಟು ಬರೀತೀನಿ."

ನನ್ನ ಮಾತು ನನ್ನ ಕಿವಿಗೇ ಮರಳಿ ಬಿತ್ತು. ಕುರ್ಚಿಯ ಮೇಲೆ ಕುಸಿದೆ. ಅವಳು ಗಾಬರಿಯಿಂದ ಗಾಳಿ ಹಾಕಲು ಬಂದು ನನ್ನ ರುಮಾಲನ್ನು ತೆಗೆದಳು. ಬೋಳಿಸಿದ ತಲೆ ಕಂಡು ಕೈ ಹಾಗೇ ನಿಂತಿತು.

"ಮನೇಲಿ ಯಾರು ಸಾರ್?"

"ನಿಮ್ಮಮ್ಮ" ಎಂದೆ. ಕನಕವಲ್ಲಿಯನ್ನು ಅವಳು ಅಮ್ಮನೆಂದೇ ಕರೆಯುತ್ತಿದ್ದಳು. "ಕಾಮಾಲೆ. ಪೂಜೆಯ ತೀರ್ಥ ಒಂದು ಬಿಟ್ಟರೆ ಎಲ್ಲ ಕಾಯಿಸಿದ ನೀರೇ ಕುಡೀತಿದ್ದಳು."

ಅವಳು ನೆಲದ ಮೇಲೆ ಕೂತಳು. ರಿಜಿಸ್ಟರನ್ನು ನೋಡಿದಳು, ನನ್ನನ್ನು ನೋಡಿದಳು. ನೀವೇ ಕಲಿಸಿದ್ದು ಎಂದು ಅವಳು ಅನ್ನಬಹುದಾಗಿತ್ತು, ಅನ್ನಲಿಲ್ಲ. ಆಗ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದೆ. ಆ ಪರೀಕ್ಷೆಯ ದಿನ ದ್ರಾವಣ ಸಾಲದೆ ದಾಸಪ್ಪ ಅವಳೊಬ್ಬಳ ಪಾತ್ರೆಗೆ ಬೇರೆ ಬಾಟಲಿಯಿಂದ ತುಂಬಿದ್ದ. ಎಲ್ಲರೂ ಹೋದ ಮೇಲೆ ಅವನೇ ಬಾಯಿಬಿಟ್ಟ. ಮಿಕ್ಕಿದ್ದನ್ನು ನಾನು ಅಳೆದು ನೋಡಿದೆ. ಇಪ್ಪತ್ತಮೂರು ಪಾಯಿಂಟ್ ಎಂಟೇ ಬಂತು.

"ನೀನು ಕಂಡದ್ದು ಸರಿಯಾಗಿತ್ತಮ್ಮ. ಆ ಕೋಣೆಯಲ್ಲಿ ನಿಜ ಬರೆದವಳು ನೀನೊಬ್ಬಳೇ. ನಾನು ಹೊಡೆಸಿಹಾಕಿದೆ."

ಅವಳು ಎದ್ದು, ಬರಿದಾದ ಸೀಸೆಯ ಬಾಯಿಯ ಬಲೆಯನ್ನು ಸೆರಗಿನಿಂದ ಒರೆಸಿದಳು. ಗೋಡೆಯ ಗಡಿಯಾರ ಮೂರು ಹೊಡೆಯಿತು. ನಾನು ಎದ್ದು ಕಾಲೇಜಿಗೆ ಹೋಗಿ, ಒಂದು ಸಣ್ಣ ಸೀಸೆ ಪರೀಕ್ಷೆಯ ದ್ರವವನ್ನು ಕೇಳಿ ತಂದೆ. ಐದಕ್ಕೆ ಇನ್ನೂ ಕಾಲು ಗಂಟೆಯಿತ್ತು. ಅವಳು ನಲ್ಲಿಯಿಂದ ಗಾಜಿನ ನಳಿಕೆಗೆ ನೀರು ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ಹನಿ ಹಾಕಿದಳು. ನೀರಿನಲ್ಲಿ ಕ್ಲೋರಿನ್ ಇದ್ದರೆ ಹಳದಿ ಬರಬೇಕು. ಇಬ್ಬರೂ ಕಾದೆವು. ನೀರು ಇದ್ದ ಹಾಗೇ ಇತ್ತು. ಇನ್ನೆರಡು ಸಲ ಮಾಡಿದಳು. ಎರಡು ಸಲವೂ ಹಾಗೇ.

ಪೆನ್ನು ಕೈಗೆ ತೆಗೆದುಕೊಂಡು ಅವಳು ಅಂದಳು, "ಇದನ್ನ ಬರೆದ್ರೆ ನನ್ನ ಕೆಲಸ ಹೋಗತ್ತೆ ಸಾರ್. ಏನು ಬರೀಲಿ?"

"ಕಂಡಷ್ಟು."

ಸೊನ್ನೆ ಬರೆದು ಸಹಿ ಮಾಡಿದಳು. ಪಕ್ಕದಲ್ಲಿ, ನೋಡಿದವರು ಎಂದು ಬರೆದು ನನ್ನ ಹೆಸರನ್ನೂ ಹಾಕಿದೆ.

ಮರುದಿನವೇ ನೀರಿನ ತೊಟ್ಟಿಗೆ ಔಷಧ ಬಿತ್ತು, ಎರಡು ವರ್ಷದ ಸುಳ್ಳು ಅಂಕಿಗಳಿಗಾಗಿ ಅವಳಿಗೆ ನೋಟಿಸೂ ಬಂತು. ವಿಚಾರಣೆಯಲ್ಲಿ ನಾನು ನನ್ನ ಪ್ರಯೋಗಶಾಲೆಯ ಗುಟ್ಟನ್ನೆಲ್ಲ ಬರೆದುಕೊಟ್ಟೆ. ಆದರೂ ಕೆಲಸ ಉಳಿಯಲಿಲ್ಲ. ಹೊರಡುವ ದಿನ ಮಿಕ್ಕಿದ್ದ ದ್ರವದ ಸೀಸೆಯನ್ನು ತಂದು ನನ್ನ ಕೈಗಿಟ್ಟಳು. ನಮಸ್ಕರಿಸಲಿಲ್ಲ. ಅದೇ ಸರಿ.

ಈಗಲೂ ಬೆಳಿಗ್ಗೆ ನಲ್ಲಿಯ ಮೊದಲ ನೀರನ್ನು ಹಿಡಿದು, ಅದರಲ್ಲಿ ಸ್ವಲ್ಪವನ್ನು ನಳಿಕೆಗೆ ಬಗ್ಗಿಸಿಕೊಂಡು ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಒಂದು ಹನಿ. ದೇವರು ಕಾದಿರುತ್ತಾನೆ. ಮೆಲ್ಲಗೆ ಹಳದಿ ಮೂಡುತ್ತದೆ. ಆಮೇಲೆ ಅಭಿಷೇಕ ಮಾಡಿ, ಮಂತ್ರ ಹೇಳಿ, ಉದ್ಧರಣೆಯಲ್ಲಿ ತೀರ್ಥ ತೆಗೆದು ಬಲಕ್ಕೆ ತಿರುಗುತ್ತೇನೆ. ಅಲ್ಲಿ ಚಾಚಿದ ಅಂಗೈ ಇರುವುದಿಲ್ಲ. ಉದ್ಧರಣೆಯ ತುದಿಯಲ್ಲಿ ಹನಿ ಬೀಳದೆ ನಿಂತಿರುತ್ತದೆ.