ಹಿಂದಿನ ಸೀಟಿನ ಬೆಕ್ಕುಗಳು

ಮಣಿಪಾಲದ ನಮ್ಮ ಅಂಗಳದಲ್ಲಿ ಒಂದು ಹಳೆಯ ವಿದೇಶಿ ಕಾರಿದೆ. ತಲೆ ಮೇಲಿನ ಮಾಡನ್ನು ಮಡಚಿ ಹಿಂದಕ್ಕೆ ಸರಿಸುವಂಥದ್ದು. ಕೊಂಡ ದಿನದಿಂದ ನನ್ನ ಗಂಡ ದೇವದಾಸರು ಅದರ ವಂಶವೃಕ್ಷ ಹುಡುಕುತ್ತಿದ್ದಾರೆ. ಸ್ವಂತ ಮುತ್ತಜ್ಜನ ಹೆಸರು ಕೇಳಿದರೆ ಇಂದಿಗೂ ತಡವರಿಸುತ್ತಾರೆ.

ಕೇರಿಯ ಬೆಕ್ಕುಗಳೆಲ್ಲ ಬಂದು ಮಲಗುವುದು ಆ ಕಾರಿನ ಹಿಂದಿನ ಸೀಟಿನಲ್ಲೇ.

"ಬೆಕ್ಕಿಗೂ ಘನತೆ ಗೊತ್ತಾಗ್ತದೆ, ಪ್ರಫುಲ್ಲಾ," ಎಂದು ದೇವದಾಸರು ನನಗೆ ಹೇಳುತ್ತಿದ್ದರು.

ಇಂಗ್ಲೆಂಡಿನಿಂದ ಅದನ್ನು ಹಡಗಿನಲ್ಲಿ ತರಿಸಿದವನು ಒಬ್ಬ ಬಿಳಿಯ ಎಂಜಿನಿಯರ್ ಅಂತೆ. ಅವನಿಂದ ಕೊಂಡವರು ಕಾರ್ಕಳದ ಒಬ್ಬ ಡಾಕ್ಟರು. ಅವರು ಅದನ್ನು ಕಾಪುವಿನ ಹೂವಪ್ಪ ಎಂಬವರಿಗೆ ಮಾರಿದ್ದರೆಂದು ತಿಳಿದದ್ದೇ ತಡ, ದೇವದಾಸರು ಅದೇ ಕಾರಿನಲ್ಲಿ ನನ್ನನ್ನೂ ಕೂರಿಸಿಕೊಂಡು ಕಾಪುವಿಗೆ ಹೊರಟರು.

ಹೂವಪ್ಪ ಈಗಿಲ್ಲ. ಅವರ ಹೆಂಡತಿ ವಾರಿಜಕ್ಕ ಕಾರು ಕಂಡು ಅಂಗಳಕ್ಕೆ ಓಡಿ ಬಂದರು.

"ಅಯ್ಯೋ, ನಮ್ಮ ಬಂಗುಡೆ ಗಾಡಿ! ಮಾಡು ಮಡಚಿದರೆ ಹಿಂದಿನ ಸೀಟಿನಲ್ಲಿ ಎಷ್ಟು ಬುಟ್ಟಿ ಮೀನು ಬೇಕಾದರೂ ಹಿಡಿಯುತ್ತಿತ್ತು, ಅಣ್ಣಾ. ದಿನಾ ಉಡುಪಿ ಮಾರ್ಕೆಟಿಗೆ ಹೋಗುತ್ತಿದ್ದದ್ದು ಇದರಲ್ಲೇ ಅಲ್ವಾ?"

ಬರುವಾಗ ದೇವದಾಸರು ದಾರಿಯಲ್ಲಿ ಎರಡು ಸಲ ಕಾರು ನಿಲ್ಲಿಸಿ ಹಿಂದಿನ ಸೀಟನ್ನು ಮೂಸಿ ನೋಡಿದರು.

ಈಗ ಯಾರು ಕೇಳಿದರೂ ಅವರ ಚರಿತ್ರೆ ಕಾರ್ಕಳದ ಡಾಕ್ಟರಲ್ಲಿಗೆ ಮುಗಿಯುತ್ತದೆ. ಆಮೇಲಿನದು ಗೊತ್ತಿದ್ದವರು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿರುತ್ತಾರೆ.