ಎಡಕ್ಕೆ ಹೋದ ಮೀನು

“ನನ್ನ ಮೀನನ್ನ ಏನ್ ಮಾಡ್ದೆ, ಮಗಾ?”

ಹರ್ಯಾದಿ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಹೊರಬಂದ. ಅವನು ‘ಇಬು’, ಅಂದರೆ ಅಮ್ಮ, ಎಂದೇ ಕರೆಯುವ ಅತ್ತೆ ಮರ್ಸಿನಿ ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಪರದೆಯ ಮೇಲಿನ ಆಟದಲ್ಲಿ ಬಾಣಲೆಯ ಎಣ್ಣೆ ಏರುತ್ತಿತ್ತು. ಮೀನು ಎಡ ಅಂಚಿಗೆ ಹೋಯಿತು, ಮಾಯವಾಯಿತು.

ಆ ಆಟ ಓಡುತ್ತಿದ್ದುದು ‘ಜಂಬು’ ಎಂಬ ಯಂತ್ರದಲ್ಲಿ. ಅಂಥ ಯಂತ್ರವನ್ನು ಯಾವ ಕಾರ್ಖಾನೆಯೂ ಎಂದೂ ಮಾಡಿರಲಿಲ್ಲ. ಎಂಬತ್ತರ ದಶಕದಲ್ಲಿ ತಮ್ಮೂರು ಮಲಾಂಗಿನಲ್ಲಿ ಒಂದು ಆಟದ ಪೆಟ್ಟಿಗೆ ತಯಾರಾಗಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಿ, ಹದಿನಾರೇ ಬಣ್ಣ, ಚೂರೇ ಚೂರು ಮೆಮೊರಿ ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡು, ಹರ್ಯಾದಿ ಅದನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆದಿದ್ದ. ಬ್ರೌಸರ್ ತೆರೆದರೆ ಇಲ್ಲದ ಪೆಟ್ಟಿಗೆ ಚಾಲೂ ಆಗುತ್ತಿತ್ತು. ಅದಕ್ಕೆಂದು ಆಟ ಬರೆದವರು ಲೋಕದಲ್ಲಿ ಒಬ್ಬರೇ: ಮಂಡಿಯ ಆಪರೇಷನ್ ಆಗಿ, ಬೇಜಾರು ಹಿಡಿದು ಕೂತಿದ್ದ ಅತ್ತೆ. ಮಧ್ಯಾಹ್ನ ಊರಿನ ಕೋಡ್ ಬರೆಯುವವರ ಪ್ರದರ್ಶನವಿತ್ತು. ತೋರಿಸಲು ಅದೊಂದೇ ಆಟ.

“ಅದು ತಪ್ಪಿತ್ತು ಇಬು, ಸರಿ ಮಾಡ್ದೆ. ಪರದೆ ಸಾಲುಗಳನ್ನ ಒಂದರ ಬಾಲಕ್ಕೆ ಇನ್ನೊಂದನ್ನ ಕಟ್ಟಿಟ್ಟಿದ್ದೆ. ಎಡಗಡೆ ದಾಟಿದ ಚುಕ್ಕೆ ಮೇಲಿನ ಸಾಲಿನ ಬಲತುದೀಲಿ ಬರ್ತಿತ್ತು. ಪ್ರದರ್ಶನ ನಡೆಸೋ ಪಾಕ್ ಹೆಂದ್ರೊ ನೋಡಿದ್ರೆ ಮಾನ ಹೋಗುತ್ತೆ.”

“ಹಾಗೆ ಸುತ್ತು ಹಾಕ್ತಾ ಹಾಕ್ತಾನೇ ಅಲ್ವೇನೋ ಅದು ಬಾಣಲೆಯಿಂದ ಹತ್ತಿ ಬರ್ತಿದ್ದಿದ್ದು! ಈಗ ಏಣಿ ತಂದ್ಕೊಡ್ಲಾ?”

“ನಿಜವಾದ ಯಂತ್ರ ಹಾಗ್ ಮಾಡಲ್ಲ, ಇಬು.”

“ನಿಜವಾದದ್ದು ಎಲ್ಲಿದೆ? ತೋರ್ಸು.”

ಹರ್ಯಾದಿ ನೊರೆ ನುಂಗಿದ. ಅಡುಗೆಮನೆಯಲ್ಲಿ ಸೋಯಾಕಾಳಿನ ತೆಂಪೆ ಕರಿಯುತ್ತಿದ್ದ ಹೆಂಡತಿ ಲಾರಸ್ ಕೂಗಿದಳು: “ಅಮ್ಮಾ, ಅವರ ಹೊಟ್ಟೇಗೇನಾದ್ರೂ ಬೀಳೋ ಮುಂಚೆ ಬೈಬೇಡ. ತಿಂದ್ಮೇಲೆ ಬೈ, ತಡ್ಕೊಳ್ತಾರೆ.”

“ಬೈಯ್ತಿಲ್ಲ ಕಣೇ. ನನ್ನ ಆಟ ಕೊಡಲ್ಲ ಅಂತಿದೀನಿ, ಅಷ್ಟೇ. ಖಾಲಿ ಪೆಟ್ಟಿಗೆ ತೋರಿಸ್ಕೊಂಡು ಬರ್ಲಿ. ಅದೂ ಇಲ್ಲದ ಪೆಟ್ಟಿಗೆ.”

ತಿಂಡಿ ತಿನ್ನುತ್ತಲೇ ಹರ್ಯಾದಿ ಬೇರೆ ದಾರಿಗಳನ್ನೆಲ್ಲ ಯೋಚಿಸಿದ. ಮೀನಿಗೆ ರೆಕ್ಕೆ ಕೊಡಬಹುದೇ ಎಂದು ಕೇಳಿದ್ದಕ್ಕೆ ಅತ್ತೆ ತೆಂಪೆಯ ತಟ್ಟೆಯನ್ನೇ ತಮ್ಮತ್ತ ಎಳೆದುಕೊಂಡರು. ಕೊನೆಗೆ, ವಾರವೆಲ್ಲ ಕೂತು ಮಾಡಿದ್ದ ರಿಪೇರಿಯನ್ನು ಎಣ್ಣೆಗೈಯಲ್ಲೇ ಅಳಿಸಿಹಾಕಿದ.

ಪ್ರದರ್ಶನದಲ್ಲಿ, ಎಲ್ಲರೂ ಹಿರಿಯರೆಂದು ‘ಪಾಕ್’ ಎನ್ನುತ್ತಿದ್ದ ಹೆಂದ್ರೊ ಕಾಫಿ ಲೋಟ ಹಿಡಿದುಕೊಂಡೇ ಬಂದು ಕೂತರು. ಒಂದು ಸುತ್ತು ಆಡಿ ಹುಬ್ಬು ಗಂಟಿಕ್ಕಿದರು.

“ನಿನ್ನ ಪರದೆ ಅಂಚು ಸೋರ್ತಿದೆಯಲ್ಲಪ್ಪಾ?”

ಹರ್ಯಾದಿ ಪಕ್ಕಕ್ಕೆ ತಿರುಗಿದ. ಪಕ್ಕದ ಕುರ್ಚಿಯಲ್ಲಿ ಊರುಗೋಲು ಹಿಡಿದು ಕೂತಿದ್ದ ಅತ್ತೆ ಸೂರು ನೋಡುತ್ತಿದ್ದರು.

“ಇಲ್ಲ ಪಾಕ್. ಈ ಯಂತ್ರದ ಗುಣವೇ ಹಾಗೆ.”

“ಮೊದಲಿಂದಲೂ?”

“ಎಂಬತ್ತರ ದಶಕದಿಂದ.”

ಹೆಂದ್ರೊ ಹ್ಞೂಂ ಅಂದು ಮತ್ತೆ ಎಡಬಾಣದ ಕೀಲಿ ಒತ್ತಿದರು. ಎಣ್ಣೆ ಮೀನಿನ ಬಾಲಕ್ಕೆ ತಾಗುವುದರಲ್ಲಿತ್ತು. ಮೀನು ಎಡ ಅಂಚು ದಾಟಿದಾಗೆಲ್ಲ ಅವರ ಇಡೀ ಮೈ ಆ ಕಡೆಗೇ ವಾಲುತ್ತಿತ್ತು. ಕೈಯಲ್ಲಿದ್ದ ಲೋಟವೂ ವಾಲಿ, ಕಾಫಿ ತೊಟ್ಟುತೊಟ್ಟಾಗಿ ಚಪ್ಪಲಿಯ ಮೇಲೆ ಬೀಳುತ್ತಿತ್ತು.