ಸೊನ್ನೆಯ ಪಕ್ಕದ ಗೆರೆ

ನಾನು ಒಂದು ಚಿಟಿಕೆ ಬಿಳಿ ಪುಡಿ. ಕಿರುಬೆರಳಷ್ಟು ಗಾಜಿನ ಸೀಸೆಯ ತಳದಲ್ಲಿ ಕೂತಿದ್ದೇನೆ. ನೀರಿನಂತೆ ಹರಿದರೂ ಹರಳಿನಂತೆ ಸಾಲು ಬಿಡದ ಪದಾರ್ಥಗಳಿವೆಯಲ್ಲ, ಗಡಿಯಾರ ಟೀವಿಗಳ ಪರದೆಯಲ್ಲಿ ಅಕ್ಷರ ಮೂಡಿಸುವ ದ್ರವ ಹರಳುಗಳು, ಬಿಸಿ ತಾಗಿದರೆ ನನ್ನದೂ ಅದೇ ಕುಲ.

ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ನನ್ನನ್ನು ಹುಟ್ಟಿಸಿದವಳು ನೀಲಾಂಬಿಕಾ. ಅವಳ ಪಿಎಚ್‌.ಡಿ.ಗೆ ಅದು ಐದನೆಯ ವರ್ಷ. ಆರಕ್ಕೆ ಗಡುವು ಮುಗಿಯುತ್ತಿತ್ತು. ಉದ್ದನೆಯ ಅಣುವಿನ ಬಾಲಕ್ಕೆ ಸಿಲಿಕಾನ್ ಕೂಡಿಸಿದರೆ, ಕಾಯಿಸದೆ ಕೋಣೆಯ ತಂಪಿನಲ್ಲೇ ಅದು ದ್ರವ ಹರಳಾಗಿ ನಿಂತೀತು ಎಂಬುದೇ ಅವಳ ಪ್ರಬಂಧದ ಜೀವಾಳ.

ಫ್ಲಾಸ್ಕಿನ ಬಾಯಿಗೆ ಗ್ರೀಸ್ ಹಚ್ಚುವಾಗ ಅಟೆಂಡರ್ ಇಮಾಮಸಾಬ ಹೇಳಿದ್ದ: "ಕೈಬಿಚ್ಚಿ ಹಚ್ರಿ ಅಕ್ಕಾರ. ಗಾಜಿಗೆ ಗಾಜು ಕಚ್ಚಿಕೊಂಡ್ರ ಬಿಡಸಾಕ ನಿಮ್ಮ ಸರ್ ಬರೂದಿಲ್ಲ, ನಾನ ಬರಬೇಕು."

ಅವಳು ನಕ್ಕು ಕೈಬಿಚ್ಚಿ ಹಚ್ಚಿದಳು. ಫ್ಲಾಸ್ಕ್ ಕಾಯುವಾಗ ತಾಯಿಯಿಂದ ಕಲಿತ ಷಟ್ಪದಿಯೊಂದನ್ನು ಗುನುಗುತ್ತಿದ್ದಳು. ಕೇಳುತ್ತ ಕೇಳುತ್ತಲೇ ನಾನು ಹರಳಾದೆ.

ಅಣುವಿನೊಳಗೆ ಏನಿದೆಯೆಂದು ತೋರಿಸುವ ಯಂತ್ರದ ಹಾಳೆಯಲ್ಲಿ, ಸೊನ್ನೆಯ ಪಕ್ಕ ಒಂದು ಗೆರೆ ಎದ್ದಿತ್ತು. ಸಿಲಿಕಾನ್ ಸೇರಿದರೆ ಅಲ್ಲೇ ಏಳಬೇಕು.

"ಸಿಲಿಕಾನ್ ಕುಂತೈತ್ರಿ ಸರ," ಎಂದಳು.

ಮಾರ್ಗದರ್ಶಕರಾದ ಸವಡಿ ಸರ್ ಕನ್ನಡಕ ಏರಿಸಿ ನೋಡಿದರು. "ಹೂಂ. ಮತ್ತೇನ ನೋಡ್ತಿ? ಮುಂದಿಂದು ಮಾಡು."

ಕೂತಿರಲಿಲ್ಲ. ಬಾಲದ ತುದಿಯಲ್ಲಿ ತೆರೆದಿದ್ದ ಜಾಗಕ್ಕೆ ಬರೀ ಹೈಡ್ರೋಜನ್ ಬಂದು ಕದ ಹಾಕಿಕೊಂಡಿತ್ತು. ಆ ಗೆರೆ ಗ್ರೀಸಿನದು. ಅದರಲ್ಲೂ ಸಿಲಿಕಾನ್ ಇರುತ್ತದೆ. ನನಗೆ ಬಾಯಿಲ್ಲ. ತೊಂಬತ್ತು ಡಿಗ್ರಿ ದಾಟುವವರೆಗೂ ಕರಗದೆ ಕೂತೆ, ಹೇಳಲು ನನಗಿದ್ದದ್ದು ಅದೊಂದೇ ದಾರಿ. ಅವಳು ಬೇರೆ ಅರ್ಥ ಮಾಡಿಕೊಂಡಳು. ಬಾಲ ಇನ್ನಷ್ಟು ಉದ್ದ ಬೇಕೇನೋ ಎಂದು ಅದೇ ಗ್ರೀಸು, ಅದೇ ಕ್ರಮದಲ್ಲಿ ನನಗೆ ಏಳು ತಮ್ಮಂದಿರನ್ನು ಹುಟ್ಟಿಸಿದಳು. ಅದಕ್ಕೆ ಒಂದು ವರ್ಷ ಹೋಯಿತು.

ಗಡುವಿಗೆ ತಿಂಗಳಿರುವಾಗ ಬೇರೆ ಊರಿನಿಂದ ಅಣುಗಳ ತೂಕದ ವರದಿ ಬಂತು. ಎಂಟೂ ಕಡಿಮೆ. ಸರಿಯಾಗಿ ಸಿಲಿಕಾನಿನ ತುಂಡಿನಷ್ಟೇ ಕಡಿಮೆ. ಅವಳು ಆ ಹಾಳೆಯನ್ನು ಮೇಜಿನ ಮೇಲಿಟ್ಟು ಅದರ ಅಂಚನ್ನು ಬೆರಳಿನಿಂದ ಸವರುತ್ತ ಕೂತಳು.

"ಚಾ ಆರಾಕತ್ತೈತ್ರಿ," ಎಂದ ಇಮಾಮಸಾಬ. ಅವಳಿಗೆ ಕೇಳಿಸಲಿಲ್ಲ.

ಸವಡಿ ಸರ್ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು: "ಈ ತೂಕದ್ದೊಂದು ಬಿಟ್ಟು ಉಳದದ್ದು ಹಾಕು. ಪರೀಕ್ಷಕರು ಅಷ್ಟೆಲ್ಲಾ ಕೆದಕಿ ನೋಡೂದಿಲ್ಲ."

"ನಾ ನೋಡೀನಲ್ರಿ ಸರ."

"ಆರು ವರ್ಷ ಮಣ್ಣಪಾಲ ಮಾಡ್ಕೋತಿ ಏನ?"

ಆ ಗೆರೆ ಗ್ರೀಸಿನದೆಂದು ಈಗ ಅವಳಿಗೂ ಹೊಳೆದಿತ್ತು. ಉಳಿದ ತಿಂಗಳಲ್ಲಿ ಒಂದನ್ನಾದರೂ ಸರಿಯಾಗಿ ಮಾಡುತ್ತೇನೆಂದು ಗ್ರೀಸ್ ಮುಟ್ಟದೆ ಮೂರು ಸಲ ಹೂಡಿದಳು. ಈ ಸಲ ಹಾಳೆಯಲ್ಲಿ ಆ ಗೆರೆಯೇ ಇರಲಿಲ್ಲ. ಮೂರು ಸಲವೂ ನಾನೇ ಹುಟ್ಟಿದೆ. ಅವಳು ಪ್ರಬಂಧ ಒಪ್ಪಿಸಲಿಲ್ಲ, ಗಡುವು ಮುಗಿಯಿತು.

ಈಗ ನಾವೆಂಟೂ ಕಪಾಟಿನ ಮೇಲಿನ ಹಲಗೆಯಲ್ಲಿದ್ದೇವೆ. ಯಾರೂ ತೆರೆಯುವುದಿಲ್ಲ, ನಮ್ಮಲ್ಲಿ ತಿಳಿಯಬೇಕಾದದ್ದು ಏನೂ ಉಳಿದಿಲ್ಲ. ಹೋಗುವ ದಿನ ಅವಳು ಹಳೆಯ ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದು, ನಮ್ಮ ನಿಜದ ಹೆಸರುಗಳನ್ನು ದುಂಡಗೆ ಬರೆದು ಅಂಟಿಸಿದಳು. ಅವು ಅವಳು ಹುಟ್ಟುವ ಮೊದಲೇ ಯಾರೋ ಮಾಡಿ ಪುಸ್ತಕದಲ್ಲಿ ಬರೆದಿಟ್ಟ ಪದಾರ್ಥಗಳ ಹೆಸರುಗಳು. ಅಷ್ಟನ್ನು ಬರೆಯಲು ಅವಳಿಗೆ ಆರು ವರ್ಷ ಹಿಡಿಯಿತು.